ಮಳೆಪಟ್ಟಿಯ ಹಿಂದಿನ ಬಣ್ಣ

ಗ್ರಾಫಿನ ಹಿನ್ನೆಲೆ ಬಣ್ಣದ ಬಗ್ಗೆ ಬರೆಯೋಕೆ ಏನಿದೆ ಮಾರಾಯಾ ಅಂತ ನೀವು ಕೇಳಬಹುದು. ಕೇಳಿದರೆ ತಪ್ಪಲ್ಲ. ಆಫೀಸಿನಲ್ಲಿ ದಿನಕ್ಕೆ ಹತ್ತಾದರೂ ಗ್ರಾಫ್ ತೆಗೆಯುವವನು ನಾನು. ಸರ್ವರ್ ಎಷ್ಟು ಬಿಸಿಯಾಗಿದೆ, ಯಾವ ಹೊತ್ತಿಗೆ ಎಷ್ಟು ಜನ ಬಂದರು, ಇಂಥವೇ. ಅವುಗಳ ಹಿಂದೆ ಯಾವ ಬಣ್ಣವಿದೆ ಅಂತ ಇಷ್ಟು ವರ್ಷದಲ್ಲಿ ಒಬ್ಬ ಮ್ಯಾನೇಜರೂ ಕೇಳಿಲ್ಲ. ಆದರೆ ಅಪ್ಪಯ್ಯನ ಮಳೆಪಟ್ಟಿಯನ್ನು ಚಿತ್ರ ಮಾಡಲು ಕೂತಾಗ ಗೆರೆ ಎಳೆದಿದ್ದು ಅರ್ಧ ಗಂಟೆ, ಹಿಂದಿನ ಬಣ್ಣಕ್ಕೆ ಹಿಡಿದಿದ್ದು ಮೂರು ಸಂಜೆ. ಆ ಮೂರು ಸಂಜೆಗಳ ಲೆಕ್ಕ ಇಲ್ಲಿದೆ.

ನಮ್ಮ ಮನೆ ಸಿದ್ದಾಪುರ ತಾಲೂಕಿನದು. ಅಪ್ಪಯ್ಯ 2001ರಿಂದ ಮಳೆ ಅಳೆದು ಬರೆದಿಡುತ್ತಾ ಬಂದಿದ್ದಾನೆ. ಅಂಗಳದ ಆಚೆ, ಮರದ ಹನಿ ಬೀಳದ ಜಾಗದಲ್ಲಿ ಒಂದು ಕಂಬ, ಅದಕ್ಕೊಂದು ಮಳೆಮಾಪಕ. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ನೋಡಿ ಬರೆಯುವುದು. ಎಂಟೂವರೆಯೇ ಯಾಕೆ ಅಂದರೆ, ಹವಾಮಾನ ಇಲಾಖೆಯವರ ಮಳೆಯ ದಿನ ಮುಗಿಯುವುದೂ ಅದೇ ಹೊತ್ತಿಗೆ. ಬರೆಯುವುದು ಅಂಗಡಿಯವರು ಹೊಸವರ್ಷಕ್ಕೆ ಕೊಡುವ ಡೈರಿಯಲ್ಲಿ. ಎಡಗಡೆ ಮಿಲಿಮೀಟರು, ಬಲಗಡೆ ಒಂದೆರಡು ಶಬ್ದ: "ಗಾಳಿ ಜೋರು", "ಹೊಳೆ ಸಂಕ ಮುಳುಗಿತು", "ಕರೆಂಟ್ ಇಲ್ಲ, ಮೂರನೇ ದಿನ". ಪುಟದ ಮೇಲೆ ತಾರೀಖಿಗಿಂತ ದೊಡ್ಡದಾಗಿ ನಕ್ಷತ್ರದ ಹೆಸರು: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ.

ಇಂಥ ಪಟ್ಟಿಗೆ ನಮ್ಮ ಕಡೆ ಬೆಲೆ ಇದೆ, ಯಾಕೆಂದರೆ ನಮ್ಮಲ್ಲಿ ಮಳೆ ಊರಿಂದೂರಿಗೆ ಬೇರೆ. ಶಿರಸಿ ತಾಲೂಕು ಒಂದನ್ನೇ ತಗೊಳ್ಳಿ. ದೇವಿಮನೆ ಘಟ್ಟದ ಕಡೆ ಕೊಡೆ ಮಡಚಲು ಬಿಡದೇ ಹೊಯ್ಯುವ ಮಳೆ, ಅದೇ ತಾಲೂಕಿನ ಬನವಾಸಿ ಕಡೆ ಹೋದರೆ ಬಿಸಿಲು. ಯಲ್ಲಾಪುರದಲ್ಲಿ ಅತ್ತೆಯ ಮನೆ ಇದೆ. ಅಲ್ಲಿನ ಭಾವ ಫೋನ್ ಮಾಡಿ "ನಮ್ಮಲ್ಲಿ ಬಿಡುವು ಕೊಟ್ಟಿದ್ದು" ಅನ್ನುವ ಹೊತ್ತಿಗೆ ನಮ್ಮಲ್ಲಿ ಮಾಡಿನಿಂದ ನೀರು ಧಾರೆಯಾಗಿ ಬೀಳುತ್ತಿರುತ್ತದೆ. 2021ರ ಜುಲೈನಲ್ಲಿ ಅದೇ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ತೋಟಗಳು ಹೋದವು. ಅವತ್ತಿನಿಂದ ಭಾವನೂ ಮಳೆ ಬರೆದಿಡಲು ಶುರುಮಾಡಿದ.

ಸರಿ, ಪಟ್ಟಿ ಇದ್ದಿದ್ದು ಡೈರಿಯಲ್ಲಿ. ಅದು ಚಿತ್ರ ಆಗಬೇಕಾಗಿ ಬಂದಿದ್ದು 2025ರ ಮಳೆಗಾಲದಲ್ಲಿ.

ಅಡಿಕೆಯವರಿಗೆ ಕೊಳೆರೋಗದ ಬಗ್ಗೆ ಹೇಳಬೇಕಿಲ್ಲ. ಬೇರೆಯವರಿಗಾಗಿ ಎರಡು ಮಾತು. ಮಳೆ ಬಿಡದೇ ಹಿಡಿದರೆ ಎಳೆ ಅಡಿಕೆ ಕೊಳೆತು, ತೊಟ್ಟು ಬಿಟ್ಟು ಉದುರುತ್ತದೆ. ವರ್ಷದ ದುಡ್ಡು ಹದಿನೈದು ದಿನದಲ್ಲಿ ಮರದ ಬುಡದಲ್ಲಿ ಬಿದ್ದಿರುತ್ತದೆ. ಕಾರಣ ಫೈಟಾಫ್ತೊರ ಅನ್ನುವ ಶಿಲೀಂಧ್ರದಂಥ ಜೀವಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಮೇಲೆ ಬರೆದಿದ್ದರು. ಔಷಧಿ ಇವತ್ತಿಗೂ ಅದೇ ಬೋರ್ಡೋ ದ್ರಾವಣ. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮುಂಗಾರು ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಕೊನೆಗೆ ಹೊಡೆಯಬೇಕು. ಹೊಡೆದಿದ್ದು ಒಣಗಲು ಮಳೆ ಸ್ವಲ್ಪ ಬಿಡುವು ಕೊಡಬೇಕು.

2025ರಲ್ಲಿ ಆ ಲೆಕ್ಕವೇ ತಪ್ಪಿತು. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಮೇ 24ಕ್ಕೇ ಬಂತು, ಮೇ 26ಕ್ಕೆ ಮುಂಬೈ ಮುಟ್ಟಿತು. ನಮ್ಮ ಕೇರಿಯಲ್ಲಿ ಆಗಿನ್ನೂ ಮೈಲುತುತ್ತದ ಚೀಲ ಬಿಚ್ಚಿರಲಿಲ್ಲ. ಜೂನಿನಲ್ಲಿ ಸಿಕ್ಕ ಸಣ್ಣ ಬಿಡುವಿನಲ್ಲಿ ಹೇಗೋ ಒಂದು ಸಲ ಹೊಡೆಸಿದ್ದಾಯಿತು. ಎರಡನೇ ಸಲದ್ದು ಯಾವಾಗ? ಒಂಬತ್ತು ಮನೆ, ಮರ ಹತ್ತುವ ಕೊನೆಗೌಡರು ಒಬ್ಬರೇ. ಯಾರ ತೋಟ ಮೊದಲು, ಪುಷ್ಯ ಮಳೆಯಲ್ಲಿ ಕಾಯುವುದೋ, ಆಶ್ಲೇಷೆಗೆ ಬಿಡುವುದೋ ಅಂತ ಎಲ್ಲರ ಮನೆ ಜಗುಲಿಯಲ್ಲೂ ಅದೇ ಮಾತು. ಆಗ ಅಪ್ಪಯ್ಯ ಫೋನಿನಲ್ಲಿ ಕೇಳಿದ: "ತಮಾ, ಡೈರಿಲಿ ಎಲ್ಲಾ ಇದ್ದು. ಯಾವ ಮಳೇಲಿ ಬಿಡುವು ಹೆಚ್ಚು ಹೇಳಿ ಒಂದೇ ನೋಟಕ್ಕೆ ಕಾಣೂ ಹಂಗೆ ಮಾಡ್ಲಾಗ್ತಾ?"

ಅಪ್ಪಯ್ಯ ನನ್ನ ಕೆಲಸಕ್ಕೆ ಸಂಬಂಧಪಟ್ಟಂತೆ ಕೇಳಿದ ಮೊದಲ ಪ್ರಶ್ನೆ ಅದು :-)

ಆ ಶನಿವಾರವೇ ಊರಿಗೆ ಹೋದೆ. ಆಯಿ ಓದುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ಇಪ್ಪತ್ನಾಲ್ಕು ಮಳೆಗಾಲ. ಚಿತ್ರ ಬಿಡಿಸಲು ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಇತ್ತು. ಇದನ್ನು ಬರೆದ ಜಾನ್ ಹಂಟರ್ ಮೂಲತಃ ಮಿದುಳಿನ ಮೇಲೆ ಕೆಲಸ ಮಾಡುತ್ತಿದ್ದವರು. ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಲು ಒಂದು ಸಾಧನ ಬೇಕಿತ್ತು, ತಾವೇ ಬರೆದು 2003ರಲ್ಲಿ ಎಲ್ಲರಿಗೂ ಪುಕ್ಕಟೆ ಕೊಟ್ಟರು. 2012ರಲ್ಲಿ ನಲವತ್ತನಾಲ್ಕನೇ ವಯಸ್ಸಿಗೇ ತೀರಿಕೊಂಡರು. ಅವರ ಸಾಧನ ಸಿದ್ದಾಪುರದ ಮಳೆಗೂ ಆಯಿತು ನೋಡಿ.

ಈಗ ಬಣ್ಣದ ಕಥೆ. ಗ್ರಾಫಿಗೆ ಹಿನ್ನೆಲೆ ಒಂದಲ್ಲ, ಎರಡು. ಇಡೀ ಕಾಗದ ಒಂದು, ಅದರೊಳಗೆ ಗೆರೆ ಬೀಳುವ ಚೌಕ ಇನ್ನೊಂದು. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮೊದಲನೆಯದು ಫಿಗರ್, ಎರಡನೆಯದು ಆಕ್ಸಿಸ್. ಎರಡಕ್ಕೂ ಬೇರೆ ಬೇರೆ ಫೇಸ್‌ಕಲರ್ ಕೊಡಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಚೌಕಟ್ಟು ಒಂದು ಬಣ್ಣ, ಒಳಗಡೆ ಇನ್ನೊಂದು ಬಣ್ಣ. ಅಂಕೆಗಳು, ಹೆಸರುಗಳು ಕೂರುವುದು ಹೊರಗಿನ ಕಾಗದದ ಮೇಲೆ ಅನ್ನುವುದನ್ನು ನೆನಪಿಡಬೇಕು.

ಇನ್ನೊಂದು ತಮಾಷೆ ಅಂದರೆ ಪರದೆಯ ಮೇಲೆ ಕಂಡ ಬಣ್ಣವೇ ಫೈಲಿಗೆ ಹೋಗುತ್ತದೆ ಅಂತ ಇಲ್ಲ. ಇದೇ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ 2020ರ 3.3ನೇ ಆವೃತ್ತಿ ಬರುವವರೆಗೂ ಫೈಲ್ ಉಳಿಸುವ ಆಜ್ಞೆಗೆ ತನ್ನದೇ ಬೇರೆ ಬಣ್ಣ ಇರುತ್ತಿತ್ತು, ಅದು ಬಿಳಿ. ನೀವು ಪರದೆಯಲ್ಲಿ ಹಳದಿ ಬಳಿದು ಖುಷಿಪಟ್ಟು ಉಳಿಸಿದರೆ ಫೈಲಿನಲ್ಲಿ ಕಾಗದ ಬಿಳಿಯಾಗಿ ಬರುತ್ತಿತ್ತು. ಉಳಿಸುವ ಸಾಲಿನಲ್ಲೇ ಮತ್ತೊಮ್ಮೆ ಬಣ್ಣ ಹೇಳಬೇಕಿತ್ತು. ಈಗ ಆ ತೊಂದರೆ ಇಲ್ಲ. ಮ್ಯಾಟ್‌ಲ್ಯಾಬ್ ಬಳಸಿ ಇಂಜಿನಿಯರಿಂಗ್ ಮುಗಿಸಿದವರಿಗೆ ಇದರ ಅಣ್ಣ ಗೊತ್ತಿರುತ್ತದೆ. ಕಾಲೇಜಿನ ಲ್ಯಾಬಿನ ಪರದೆಯಲ್ಲಿ ಬೂದು ಕಿಟಕಿ, ಪ್ರಿಂಟ್ ಕೊಟ್ಟರೆ ಬಿಳಿ. ಇನ್ವರ್ಟ್ ಹಾರ್ಡ್‌ಕಾಪಿ ಅನ್ನುವ ಸೆಟ್ಟಿಂಗು ತಾನಾಗೇ ಆನ್ ಇರುತ್ತದೆ, ಶಾಯಿ ಉಳಿಸುವ ಸಲುವಾಗಿ. ಆಫ್ ಮಾಡಿದರೆ ಮಾತ್ರ ನೀವು ಕೊಟ್ಟ ಬಣ್ಣ ಕಾಗದಕ್ಕೆ ಬರುತ್ತದೆ. 1986ರಿಂದ ಇರುವ ನ್ಯೂಪ್ಲಾಟ್‌ನಲ್ಲಿ ಮತ್ತೂ ಬೇರೆ ದಾರಿ. ಟರ್ಮಿನಲ್ ಹೆಸರಿನ ಜೊತೆಗೇ ಬ್ಯಾಕ್‌ಗ್ರೌಂಡ್ ಅಂತ ಬಣ್ಣ ಕೊಡಬಹುದು, ಇಲ್ಲವೇ ಒಂದು ಆಯತ ಬರೆದು ಎಲ್ಲದರ ಹಿಂದೆ ತಳ್ಳಬಹುದು. ಆಯತದ ಅಳತೆಯನ್ನು ಗ್ರಾಫ್ ಲೆಕ್ಕದಲ್ಲಿ ಕೊಟ್ಟರೆ ಚೌಕದ ಒಳಗೆ ಮಾತ್ರ, ಸ್ಕ್ರೀನ್ ಲೆಕ್ಕದಲ್ಲಿ ಕೊಟ್ಟರೆ ಇಡೀ ಕಾಗದಕ್ಕೆ. ಹವಾಮಾನದವರು ಬಳಸುವ ಗ್ರಾಡ್ಸ್‌ನಲ್ಲಂತೂ ಹುಟ್ಟಾ ಹಿನ್ನೆಲೆ ಕಪ್ಪು. ಚಿತ್ರ ಉಳಿಸುವ ಆಜ್ಞೆಯ ಕೊನೆಗೆ ವೈಟ್ ಅಂತ ಒಂದು ಶಬ್ದ ಸೇರಿಸಿದರೆ ಬಿಳಿಯಾಗುತ್ತದೆ. ಆ ಒಂದು ಶಬ್ದ ಸೇರಿಸದ ನಕ್ಷೆಯೊಂದನ್ನು ಹಿಂದೊಮ್ಮೆ ಒಂದು ನೋಟೀಸು ಬೋರ್ಡಿನಲ್ಲಿ ನೋಡಿದ್ದೆ. ಝೆರಾಕ್ಸಿನ ಝೆರಾಕ್ಸು. ಮೋಡ ಕವಿದ ಅಮಾವಾಸ್ಯೆ ಥರ ಇತ್ತು, ಜಿಲ್ಲೆ ಎಲ್ಲಿದೆ ಅಂತ ಹುಡುಕಬೇಕು.

ಅಪ್ಪಯ್ಯನಿಗೆ ಮೊದಲು ತೋರಿಸಿದ್ದು ಬಿಳಿ ಹಿನ್ನೆಲೆಯದು. ಹೊರಗೆ ಮಳೆ, ಕರೆಂಟ್ ಇಲ್ಲ, ಜಗುಲಿಯ ಕತ್ತಲೆಯಲ್ಲಿ ಲ್ಯಾಪ್‌ಟಾಪಿನ ಬಿಳಿ ಪರದೆ. ಅಪ್ಪಯ್ಯನಿಗೆ ಒಂದು ಕಣ್ಣಿನ ಪೊರೆ ಆಪರೇಶನ್ ಶಿರಸಿಯಲ್ಲಿ ಆಗಿದೆ, ಇನ್ನೊಂದು ಬಾಕಿ. ಕಣ್ಣು ಕಿರಿದು ಮಾಡಿ, "ಕಣ್ಣಿಗೆ ಚುಚ್ತು. ಅಂಕೆ ಎಲ್ಲಿದ್ದು ಹೇಳೇ ಕಾಣ್ತಿಲ್ಲೆ" ಅಂದ. ಪೊರೆ ಇರುವ ಕಣ್ಣಿನೊಳಗೆ ಬೆಳಕು ಚದುರುತ್ತದೆ. ಹಿನ್ನೆಲೆ ಪ್ರಖರವಾದಷ್ಟೂ ಸಣ್ಣ ಗೆರೆ ಅದರಲ್ಲಿ ತೊಳೆದುಹೋಗುತ್ತದೆ. ಹಾಗಂತ ಕಪ್ಪು ಹಿನ್ನೆಲೆ ಮಾಡಿದರೆ ಪಕ್ಕದಲ್ಲಿ ಕೂತ ಆಯಿಗೆ ಹಿಡಿಸಲಿಲ್ಲ. ಕೊನೆಗೆ ಅಪ್ಪಯ್ಯನ ಹಳೇ ಡೈರಿಯ ಕಾಗದವನ್ನೇ ನೋಡಿ, ಕೆಂಪು 255, ಹಸಿರು 248, ನೀಲಿ 225 ಅಂತ ಕೆನೆಬಣ್ಣ ಕೊಟ್ಟೆ. ಮಳೆಯ ಕಂಬಗಳಿಗೆ ಗಾಢ ನೀಲಿ: 0, 51, 102. ಬಣ್ಣಗಳ ವ್ಯತ್ಯಾಸ ಅಳೆಯಲು ಒಂದು ಲೆಕ್ಕ ಇದೆ. ಕಪ್ಪು-ಬಿಳಿಗೆ 21, ಅಕ್ಷರ ಓದಲು ಕನಿಷ್ಠ 4.5 ಬೇಕು ಅನ್ನುತ್ತದೆ ವೆಬ್‌ನವರ ನಿಯಮ. ಈ ನೀಲಿ-ಕೆನೆ ಜೋಡಿಗೆ ಸುಮಾರು 12 ಬಂತು. ಅಪ್ಪಯ್ಯನಿಗೆ ಈ ಲೆಕ್ಕ ಏನೂ ಹೇಳಲಿಲ್ಲ. ಪರದೆ ನೋಡಿ, "ಈಗ ಅಡ್ಡಿಲ್ಲೆ" ಅಂದ. ನಮ್ಮ ಕಡೆ ಅದು ದೊಡ್ಡ ಸರ್ಟಿಫಿಕೇಟು.

ಎರಡನೇ ಸಂಜೆ ಹೋಗಿದ್ದು ಫೋನಿನ ಕಾಟಕ್ಕೆ. ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಇನ್ನೊಂದು ಊರಿನ ಮಳೆ ಗ್ರಾಫ್ ಇತ್ತು. ತೆರೆದರೆ ಕಪ್ಪು ಚೌಕ, ಅದರಲ್ಲಿ ನಾಲ್ಕು ಬಣ್ಣದ ಗೆರೆ ಮಾತ್ರ. ಅಕ್ಷರ ಒಂದೂ ಇಲ್ಲ. ಇದು ಪಾರದರ್ಶಕ ಹಿನ್ನೆಲೆಯ ಕೆಲಸ. ಪಿಎನ್‌ಜಿ ಫೈಲಿನಲ್ಲಿ "ಇಲ್ಲಿ ಬಣ್ಣವೇ ಇಲ್ಲ, ಹಿಂದೆ ಇದ್ದದ್ದು ಕಾಣಲಿ" ಅಂತ ಬರೆದಿಡಲು ಜಾಗ ಇದೆ. ಜೆಪೆಗ್‌ನಲ್ಲಿ ಇಲ್ಲ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಆ ಖಾಲಿ ಜಾಗಕ್ಕೆ ಯಾವುದೋ ಒಂದು ಬಣ್ಣ ತುಂಬುತ್ತದೆ, ಎಷ್ಟೋ ಸಲ ಕಪ್ಪು. ಫೋನ್ ಡಾರ್ಕ್ ಮೋಡಿನಲ್ಲಿದ್ದರೂ ಅದೇ ಕಥೆ. ಕಪ್ಪು ಅಕ್ಷರ ಕಪ್ಪಿನ ಮೇಲೆ ಮಾಯ. ಸ್ಲೈಡಿನ ಮೇಲೆ ಅಂಟಿಸಲು ಪಾರದರ್ಶಕ ಚೆಂದ. ಊರಿಗೆಲ್ಲ ಕಳಿಸುವ ಚಿತ್ರಕ್ಕೆ ಹಿನ್ನೆಲೆಯನ್ನು ಗಟ್ಟಿಯಾಗಿ ಬಳಿದೇ ಕಳಿಸಬೇಕು.

ಇನ್ನು ಕಾಗದ. ಸಿದ್ದಾಪುರ ಪೇಟೆಯ ಝೆರಾಕ್ಸ್ ಅಂಗಡಿಯದು ಕಪ್ಪು-ಬಿಳಿ ಯಂತ್ರ. ಕೆನೆಬಣ್ಣ ಅಲ್ಲಿ ಸಣ್ಣ ಸಣ್ಣ ಚುಕ್ಕೆಯಾಗಿ ಕೂರುತ್ತದೆ. ಅದಕ್ಕೆ ಬೇರೆಯೇ ಪ್ರತಿ ಬೇಕು: ಹಿನ್ನೆಲೆ ಬಿಳಿ, ಬಣ್ಣದ ಬದಲು ಓರೆಗೆರೆ. ಫೋನಿಗೆ ಒಂದು, ಕಾಗದಕ್ಕೆ ಒಂದು, ಎರಡನ್ನೂ ಒಂದೇ ಪ್ರೋಗ್ರಾಮಿನಿಂದ ತೆಗೆಯುವಂತೆ ಮಾಡಿಟ್ಟೆ. ಬಣ್ಣದ ನಾಲ್ಕು ಸಾಲು ಬದಲಾಗುತ್ತದೆ ಅಷ್ಟೇ.

ಇಷ್ಟಾದರೂ ಒಂದು ಕೊರತೆ ಇತ್ತು. ಕೆಳಗೆ ಜೂನ್ 1, ಜೂನ್ 15, ಜುಲೈ 1 ಅಂತ ಇತ್ತು. ಅಪ್ಪಯ್ಯ ಪ್ರತಿ ಸಲವೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದ: ಜುಲೈ 20 ಅಂದರೆ ಪುಷ್ಯ ಹುಟ್ಟಿತು, ಆಗಸ್ಟ್ 3 ಅಂದರೆ ಆಶ್ಲೇಷಾ. ನಮ್ಮ ಕಡೆಯವರ ಮಳೆಗಾಲ ತಿಂಗಳಲ್ಲಿ ನಡೆಯುವುದಿಲ್ಲ, ನಕ್ಷತ್ರದಲ್ಲಿ ನಡೆಯುತ್ತದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಹದಿಮೂರು ಹದಿನಾಲ್ಕು ದಿನ. ಇಪ್ಪತ್ತೇಳು ಸೇರಿದರೆ ವರ್ಷ. ಇದನ್ನು ಹೇಳಲು ಹಿನ್ನೆಲೆಗಿಂತ ಒಳ್ಳೆಯ ಜಾಗ ಯಾವುದಿದೆ? ಆಕ್ಸ್-ವಿ-ಸ್ಪ್ಯಾನ್ ಅನ್ನುವ ಒಂದು ಆಜ್ಞೆ, ಇಲ್ಲಿಂದ ಇಲ್ಲಿಯವರೆಗೆ ಮೇಲಿಂದ ಕೆಳಗೆ ಪಟ್ಟಿ ಬಳಿಯುತ್ತದೆ. ಆರಿದ್ರಾಕ್ಕೆ ಕೆನೆ, ಪುನರ್ವಸುವಿಗೆ ಸ್ವಲ್ಪ ಹಳದಿ, ಪುಷ್ಯಕ್ಕೆ ಮತ್ತೆ ಕೆನೆ. ಹೀಗೆ ಒಂದು ಬಿಟ್ಟು ಒಂದು. ಪಟ್ಟಿಯ ನೆತ್ತಿಯಲ್ಲಿ ಹೆಸರು. ಪಟ್ಟಿ ಕಂಬಗಳ ಮೇಲೆ ಬಾರದ ಹಾಗೆ ಝಡ್-ಆರ್ಡರ್ ಸೊನ್ನೆ ಕೊಟ್ಟರಾಯಿತು, ಹಿಂದೆ ಹೋಗಿ ಕೂರುತ್ತದೆ.

ಹಿನ್ನೆಲೆಗೂ ಕೆಲಸ ಕೊಡುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಸಿದ್ದಾಪುರ-ಸಾಗರ ಕಡೆಯ ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಬಿಳಿ ಎಳೆ. ಕೆಂಪಿಲ್ಲದಿದ್ದರೆ ಆ ಬಿಳಿಗೆ ಬೆಲೆಯೇ ಇಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರಗಳಲ್ಲಿ ಉಲ್ಟಾ: ಬಿಳಿ ಗಾರೆಯ ಮೇಲೆ ಕೆಂಪು ಬಳಿದು, ಅದನ್ನು ಕೆರೆದು ಒಳಗಿನ ಬಿಳಿ ತೆಗೆಯುವುದು. ಅಲ್ಲಿ ಹಿನ್ನೆಲೆಯೇ ಚಿತ್ರ. ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಹಳೇ ಸೀರೆಯ ತಳದ ಮೇಲೆ ಬಣ್ಣದ ತುಂಡು ಕೂರಿಸುತ್ತಾ ಹೋಗುತ್ತಾರೆ. ಹಿಡಿದಿಡುವುದೆಲ್ಲ ಕೆಳಗಿನ ಬಟ್ಟೆಯೇ.

ಮೂರನೇ ಸಂಜೆ ಬಂದಿದ್ದು 2009ರ ಪುಟ.

ಆಯಿ ಓದುತ್ತಾ ಇದ್ದವಳು ನಿಲ್ಲಿಸಿದಳು. ಜುಲೈನಲ್ಲಿ ಹನ್ನೊಂದು ದಿನ ಏನೂ ಬರೆದಿರಲಿಲ್ಲ. ಅಜ್ಜ ತೀರಿಕೊಂಡ ವರ್ಷ ಅದು. ಮನೆ ತುಂಬ ಜನ, ಹೊರಗೆ ಹೊಯ್ಯುವ ಮಳೆ. ಹೆಣ ಸುಡಲು ಒಣ ಕಟ್ಟಿಗೆ ಹೊಂದಿಸಿದ್ದೇ ಒಂದು ಸಾಹಸ ಅಂತ ಇವತ್ತಿಗೂ ಹೇಳುತ್ತಾರೆ. ಮಾಪಕ ನೋಡಲು ಯಾರು ಹೋಗುತ್ತಾರೆ? ಕಂಬದ ಗ್ರಾಫಿನಲ್ಲಿ ಒಂದು ಕೆಟ್ಟ ಗುಣ ಇದೆ. ಮಳೆ ಸೊನ್ನೆ ಆದರೂ ಕಂಬ ಇಲ್ಲ, ಅಳೆಯದೇ ಇದ್ದರೂ ಕಂಬ ಇಲ್ಲ. ಎರಡೂ ನೋಡಲು ಒಂದೇ. ಆ ಹನ್ನೊಂದು ದಿನ ಹಾಗೇ ಬಿಟ್ಟರೆ, ನಟ್ಟನಡು ಮಳೆಗಾಲದಲ್ಲಿ ಹನ್ನೊಂದು ದಿನ ಒಣ ಬಿಸಿಲು ಇತ್ತು ಅಂತ ಗ್ರಾಫ್ ಹೇಳುತ್ತದೆ. ಬಿಡುವು ಹುಡುಕಲಿಕ್ಕೇ ಅಂತ ಮಾಡುತ್ತಿರುವ ಚಿತ್ರದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿಲ್ಲ.

ಏನು ಮಾಡುವುದು ಅಂತ ಅಪ್ಪಯ್ಯನನ್ನೇ ಕೇಳಿದೆ. ಹತ್ತಿರದ ಊರಿನ ಅಂಕೆ ತಂದು ತುಂಬಬಹುದು. ಹವಾಮಾನ ಇಲಾಖೆಯ 1901ರಿಂದೀಚಿನ ಮಳೆ ಲೆಕ್ಕ ಕಾಲು ಡಿಗ್ರಿಯ ಚೌಕಗಳಲ್ಲಿ ಸಿಗುತ್ತದೆ, ಅಂದರೆ ಸುಮಾರು 27 ಕಿಲೋಮೀಟರಿಗೆ ಒಂದು. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆಯವರ ಮಳೆ ತಂದು ನಮ್ಮ ಡೈರಿಗೆ ಹಾಕದು ಬೇಡ. ಅಳೆದಿದ್ದಿಲ್ಲೆ ಹೇಳಿ ಕಾಣ್ಲಿ" ಅಂದ.

ಹಾಗಾಗಿ 2009ರ ಚಿತ್ರದಲ್ಲಿ ಆ ಹನ್ನೊಂದು ದಿನದ ಹಿಂದೆ ಬೂದು ಬಣ್ಣ ಇದೆ. ಹಿನ್ನೆಲೆ ಕೆನೆ ಅಥವಾ ಹಳದಿ ಇದ್ದು ಕಂಬ ಇಲ್ಲದಿದ್ದರೆ ಮಳೆ ಇಲ್ಲ. ಬೂದು ಇದ್ದರೆ ಗೊತ್ತಿಲ್ಲ. ಹುಡುಕಿದರೆ ಇಂಥ ಬೂದು ಪಟ್ಟಿ ಇನ್ನೂ ನಾಲ್ಕಾರು ಸಿಕ್ಕವು. ನಾನು ಹಾಸ್ಟೆಲ್‌ಗೆ ಸೇರಿದ ದಿನ, ಅಕ್ಕನ ಮದುವೆಯ ಎರಡು ದಿನ. ಕಣ್ಣಿನ ಆಪರೇಶನ್ ಆದ ಮೂರು ವಾರ ಮಾತ್ರ ಬೂದು ಇಲ್ಲ. ಅಕ್ಷರ ಬೇರೆ ಇತ್ತು, ದುಂಡಗೆ. ಆಯಿ ಕೊಡೆ ಹಿಡಿದು ಹೋಗಿ ನೋಡಿ ಬರೆದಿದ್ದಳು. ಯಾರಿಗೂ ಹೇಳಿರಲಿಲ್ಲ.

ಜುಲೈ ಮಧ್ಯದಲ್ಲಿ ನಮ್ಮನೆ ಜಗುಲಿಯಲ್ಲಿ ಒಂಬತ್ತು ಮನೆಯವರೂ ಸೇರಿದರು. ಗೋಡೆಗೆ ಕಾಗದದ ಪ್ರತಿ ಅಂಟಿಸಿದ್ದೆವು, ಉಳಿದವರು ಫೋನಿನಲ್ಲಿ ನೋಡುತ್ತಿದ್ದರು. ಒಂದು ದಿನಕ್ಕೆ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಇಲಾಖೆಯವರು ಅದನ್ನು ಮಳೆದಿನ ಅನ್ನುವುದಿಲ್ಲ. ನಾನೂ ಅದೇ ಅಳತೆಯಲ್ಲಿ ಬಿಡುವಿನ ದಿನಗಳ ಕೆಳಗೆ ಒಂದು ಚುಕ್ಕೆ ಇಟ್ಟಿದ್ದೆ. ವಿವರಿಸಬೇಕು ಅಂತ ಎದ್ದು ನಿಂತವನಿಗೆ ಕೆಲಸವೇ ಇರಲಿಲ್ಲ. ಕೊನೆಗೌಡರು ಹತ್ತಿರ ಹೋಗಿ ಪಟ್ಟಿಗಳ ಮೇಲೆ ಬೆರಳಾಡಿಸಿ, "ಭಟ್ರೇ, ಇದು ಪಂಚಾಂಗ ಇದ್ದಂಗೇ ಅದೆ ಅಲ್ರಾ. ಪುಷ್ಯದಾಗೆ ಚುಕ್ಕಿ ಇಲ್ಲ, ಆಶ್ಲೇಷದಾಗೆ ಅದೆ" ಅಂದರು. ಆಮೇಲೆ ಬೂದು ತೋರಿಸಿ ಇದೇನು ಅಂತ ಕೇಳಿದರು. ಅಪ್ಪಯ್ಯ ಹೇಳಿದ. "ಹೌದ್ರಾ, ಆ ವರ್ಷ ದೊಡ್ಡ ಭಟ್ರು..." ಅಂತ ಸುಮ್ಮನಾದರು. ಅಜ್ಜನ ಕಾಲದಿಂದ ನಮ್ಮ ತೋಟದ ಮರ ಹತ್ತಿದವರು ಅವರು.

ಗ್ರಾಫ್ ಮುಂದಿನ ಮಳೆ ಹೇಳುವುದಿಲ್ಲ. ಹಿಂದೆ ಹೀಗಿತ್ತು ಅನ್ನುತ್ತದೆ ಅಷ್ಟೇ, ಇದನ್ನು ಅಲ್ಲೇ ಎಲ್ಲರಿಗೂ ಹೇಳಿದೆ. ಆದರೆ ಜಗಳ ಇಲ್ಲದೇ ಸರದಿ ನಿಶ್ಚಯವಾಯಿತು. ತಗ್ಗಿನಲ್ಲಿ, ಗಾಳಿ ಆಡದ ತೋಟ ಇರುವ ಮೂರು ಮನೆಗೆ ಪುಷ್ಯದಲ್ಲಿ ಬಿಡುವು ಸಿಕ್ಕ ಕೂಡಲೇ. ಉಳಿದವರು ಆಶ್ಲೇಷೆಗೆ. ಕಾಯಲಾಗದ ಇಬ್ಬರು ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿದರು. ಆ ವರ್ಷ ಕೊಳೆ ಬರಲೇ ಇಲ್ಲ ಅಂತೇನಿಲ್ಲ. ನಮ್ಮ ತೋಟದ ಹೊಳೆಬದಿಯ ಸಾಲಿನಲ್ಲಿ ಸಾಕಷ್ಟು ಉದುರಿತು. ಆದರೆ ತಗ್ಗಿನ ಮೂರು ತೋಟ ಉಳಿದವು. ಆ ಮೂರರಲ್ಲಿ ಒಂದು ಮನೆಯಲ್ಲಿ ಮಗಳ ಫೀಸು ಆ ಅಡಿಕೆಯ ಮೇಲೇ ನಿಂತಿತ್ತು.

ನಿಮ್ಮ ಮನೆಯಲ್ಲೂ ಇಂಥ ಡೈರಿ ಇದ್ದರೆ ಈ ಮಳೆಗಾಲಕ್ಕೆ ಮೊದಲು ಒಂದು ಕೆಲಸ ಮಾಡಿ. ಗ್ರಾಫ್ ಆಮೇಲೆ, ಮೊದಲು ಎಲ್ಲ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಒರಲೆಗೆ ಸೊನ್ನೆಯೂ ಒಂದೇ, ನೂರೂ ಒಂದೇ. ಟೈಪ್ ಮಾಡುವಾಗ ಖಾಲಿ ಇರುವ ದಿನಕ್ಕೆ ಸೊನ್ನೆ ಹಾಕಬೇಡಿ, ಖಾಲಿಯೇ ಬಿಡಿ. ಹಿನ್ನೆಲೆ ಬಣ್ಣವನ್ನು ಫಿಗರಿಗೂ ಕೊಡಿ, ಆಕ್ಸಿಸ್‌ಗೂ ಕೊಡಿ. ಉಳಿಸಿದ ಫೈಲನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ, ಅದನ್ನು ಓದಬೇಕಾದವರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಮತ್ತೆ ಖಾಲಿ ಪುಟ ಸಿಕ್ಕರೆ, ಆ ದಿನ ಏನಾಗಿತ್ತು ಅಂತ ಮನೆಯವರನ್ನು ಕೇಳಿ. ನಮ್ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುತ್ತಾ ಆಯಿ ಅಡಿಗೆ ಮಾಡುವುದನ್ನೇ ಮರೆತಿದ್ದಳು. ಅವತ್ತು ರಾತ್ರಿ ಊಟಕ್ಕೆ ಅವಲಕ್ಕಿ-ಮಜ್ಜಿಗೆ.